ಹಿತ್ತಲ ಮರದ ಅತಿಥಿ

ಫಜ್ರ್ ನಮಾಝಿನ ಬಳಿಕ ಹಿತ್ತಲಿಗೆ ಹೋಗಿ ಮಾವಿನ ಮರದ ಕೆಳಗೆ ಒಂದಷ್ಟು ಹೊತ್ತು ನಿಲ್ಲುವುದು ನಮ್ಮ ಹಲವು ವರ್ಷಗಳ ರೂಢಿ. ಮಳವಳ್ಳಿಯ ನಮ್ಮ ಮನೆ ದೊಡ್ಡದೇನಲ್ಲ. ಹಿತ್ತಲೂ ಅಷ್ಟೇ: ಒಂದು ಬಾವಿ, ಎರಡು ತೆಂಗು, ಒಂದು ನುಗ್ಗೆ, ಮರ್ಹೂಮ್ ತಂದೆಯವರು ನೆಟ್ಟ ಒಂದು ಮಾವು. ಕಳೆದ ಬೇಸಿಗೆಯ ಮೊದಲ ಮಳೆ ಬಿದ್ದು ಕೆಲವು ದಿನಗಳಾಗಿದ್ದವು. ಆ ಮುಂಜಾನೆ ಮರದ ಬಳಿ ಒಂದು ಮೆಲುವಾದ ಪರಿಮಳ ಮೂಗಿಗೆ ತಾಗಿತು. ತಲೆಯೆತ್ತಿ ನೋಡಿದರೆ ಕವಲಿನ ಮೇಲೆ ಕುಳಿತ ಆರ್ಕಿಡ್ ಗಿಡ ಹೂ ಬಿಟ್ಟಿತ್ತು. ಹಳದಿ ಬೆರೆತ ಹಸಿರು ಎಸಳುಗಳ ಮೇಲೆ ಕಂದು ಬಣ್ಣದ ಬಲೆ ನೇಯ್ದಂತಹ ಗೆರೆಗಳು; ನಡುವೆ ನೀಲಿ ನೇರಳೆಯ ಒಂದು ತುಟಿ. ಸುಬ್‌ಹಾನಲ್ಲಾಹ್ ಎಂಬ ಮಾತು ತಾನಾಗಿಯೇ ಹೊರಟಿತು.

ಈ ಗಿಡದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಎಣಿಸಿದ್ದೆವು. ಬರೆಯಲು ಕುಳಿತಾಗಲೆಲ್ಲ ಕೈ ತಡೆಯುತ್ತಿತ್ತು. ಏಕೆಂದರೆ ಇದು ಕೇವಲ ಹೂವಿನ ಕಥೆಯಲ್ಲ. ನಮ್ಮ ಎರಡು ತಪ್ಪುಗಳ ಕಥೆಯೂ ಹೌದು.

ಮೊದಲನೆಯ ತಪ್ಪು ಮುತ್ತತ್ತಿಯಲ್ಲಿ ನಡೆಯಿತು. ಮಳವಳ್ಳಿ ತಾಲೂಕಿನ ಅಂಚಿನಲ್ಲಿ, ಕಾವೇರಿಯ ದಡದಲ್ಲಿರುವ ಆ ಊರನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಹೊಳೆಯ ಉದ್ದಕ್ಕೂ ಹೊಳೆಮತ್ತಿ, ಹುಣಸೆ ಮರಗಳ ದಟ್ಟ ನೆರಳು. ಆ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮದ ಭಾಗ. ಹತ್ತು ವರ್ಷಗಳಿಗೂ ಹಿಂದೆ ಮನೆಮಂದಿಯೊಂದಿಗೆ ಅಲ್ಲಿಗೆ ಹೋಗಿದ್ದೆವು. ಬಾಗಿದ ಒಂದು ಕೊಂಬೆಯ ಮೇಲೆ, ಕೈಗೆಟಕುವ ಎತ್ತರದಲ್ಲಿ, ಪಟ್ಟಿಯಂತಹ ದಪ್ಪ ಎಲೆಗಳ ಗಿಡವೊಂದು ಹೂ ಹೊತ್ತು ನಿಂತಿತ್ತು. ಅದರ ಬಿಳಿಯ ಬೇರುಗಳು ಬೆರಳುಗಳಂತೆ ತೊಗಟೆಯನ್ನು ಹಿಡಿದಿದ್ದವು. ನಾವು ಅತ್ತಿತ್ತ ನೋಡಿ, ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆವು. ಬೇರುಗಳು ಕಿತ್ತು ಬರುವಾಗ ಆದ ಚಟಚಟ ಸದ್ದು ಇಂದಿಗೂ ನೆನಪಿದೆ.

ಮನೆಗೆ ತಂದು ಕುಂಡದಲ್ಲಿ ಮಣ್ಣು ತುಂಬಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಬೇರುಗಳನ್ನು ಚೆನ್ನಾಗಿ ಹೂತು ನೆಟ್ಟೆವು. ಬೆಳಿಗ್ಗೆ ಸಂಜೆ ನೀರು ಹಾಕಿದೆವು. ಗಿಡವೆಂದರೆ ಮಣ್ಣು, ನೀರು, ಗೊಬ್ಬರ ಎಂಬುದಷ್ಟೇ ನಮಗಿದ್ದ ತಿಳಿವಳಿಕೆ. ತಿಂಗಳೊಳಗೆ ಬೇರುಗಳು ಕೊಳೆತು ಕಪ್ಪಾದವು, ಎಲೆಗಳು ಹಳದಿಯಾಗಿ ಉದುರಿದವು. ಒಣಗಿದ ಗಿಡವನ್ನು ತಿಪ್ಪೆಗೆ ಎಸೆಯುವಾಗ, ಆಗ ಎಂಟು ವರ್ಷದವಳಾಗಿದ್ದ ನಮ್ಮ ಮಗಳು ಪಕ್ಕದಲ್ಲಿ ನಿಂತಿದ್ದಳು.

“ಅಬ್ಬಾ, ಅಲ್ಲಿ ಯಾರನ್ನು ಕೇಳಿ ತಂದಿದ್ದಿರಿ?” ಎಂದಳು.

ಮದ್ರಸಾದಲ್ಲಿ ವರ್ಷಗಟ್ಟಲೆ ಓದಿ, ಮಕ್ಕಳಿಗೆ ಅಮಾನತ್ ಎಂದರೇನು, ಖಿಯಾನತ್ ಎಂದರೇನು ಎಂದು ಪಾಠ ಹೇಳುವ ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ವನ್ಯಜೀವಿ ಧಾಮದಿಂದ ಅನುಮತಿಯಿಲ್ಲದೆ ಗಿಡಗಳನ್ನು ತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಆದರೆ ಕಾಯ್ದೆ ತಿಳಿಯುವ ಮೊದಲೇ ಮಗುವಿನ ಪ್ರಶ್ನೆ ತೀರ್ಪು ಕೊಟ್ಟಾಗಿತ್ತು. ಪ್ರಯಾಣವೊಂದರಲ್ಲಿ ಸಹಾಬಿಗಳು ಹಕ್ಕಿಯ ಮರಿಗಳನ್ನು ಗೂಡಿನಿಂದ ತೆಗೆದುಕೊಂಡಾಗ, ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಸಂಕಟಪಡುವುದನ್ನು ಕಂಡ ಪ್ರವಾದಿ(ಸ)ರು ಮರಿಗಳನ್ನು ಮರಳಿಸುವಂತೆ ಆಜ್ಞಾಪಿಸಿದ ಹದೀಸನ್ನು ನಾವೇ ಎಷ್ಟೋ ಬಾರಿ ತರಗತಿಯಲ್ಲಿ ವಿವರಿಸಿದ್ದೆವು. ನಾವು ತಂದಿದ್ದನ್ನು ಮರಳಿಸುವ ದಾರಿಯೂ ಉಳಿದಿರಲಿಲ್ಲ, ಅದು ಸತ್ತಿತ್ತು.

ಆ ಲಜ್ಜೆಯೇ ನಮ್ಮನ್ನು ಆ ಗಿಡದ ಬಗ್ಗೆ ಓದುವಂತೆ ಮಾಡಿತು. ಅದರ ಶಾಸ್ತ್ರೀಯ ನಾಮ ವಾಂಡಾ ಟೆಸ್ಸೆಲ್ಲೇಟ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನಮ್ಮ ದೇಶದಲ್ಲಿ 1,256 ಜಾತಿಯ ಆರ್ಕಿಡ್‌ಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನೆಲ ಬಿಟ್ಟು ಮರದ ಮೇಲೆ ಬದುಕುವಂಥವು. ಆರ್ಕಿಡ್ ಎಂದೊಡನೆ ನಮಗೆ ಮಲೆನಾಡಿನ ಸೀತಾಳೆ ದಂಡೆ ನೆನಪಾಗುತ್ತದೆ. ಮಳೆ ಸುರಿಯುವ ಸೀಮೆಯ ಸೊತ್ತು ಅದೆಂದು ಭಾವಿಸುತ್ತೇವೆ. ಆದರೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಕಾಣುವ ನಮ್ಮ ಮಂಡ್ಯ ಜಿಲ್ಲೆಯಂತಹ ಬಯಲುಸೀಮೆಯಲ್ಲಿಯೂ ಮಾವು, ಹುಣಸೆ, ಹಿಪ್ಪೆ ಮರಗಳ ಮೇಲೆ ಈ ವಾಂಡಾ ಬಾಳುತ್ತದೆ. ತಲೆಯೆತ್ತಿ ನೋಡುವವರು ಕಡಿಮೆ, ಅಷ್ಟೇ.

ನೆಲದ ಮಣ್ಣನ್ನು ಮುಟ್ಟದೆ ಅದು ಬದುಕುವುದಾದರೂ ಹೇಗೆ? ಅದರ ಬೇರಿನ ಮೇಲೆ ಸತ್ತ ಜೀವಕೋಶಗಳ ಒಂದು ಬಿಳಿಯ ಹೊದಿಕೆಯಿದೆ. ಮಳೆ ಬಿದ್ದಾಗ ಅದು ಹತ್ತಿಯಂತೆ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಆಗ ಬಿಳಿಯ ಬೇರು ನಮ್ಮ ಕಣ್ಣೆದುರೇ ಹಸಿರಾಗುತ್ತದೆ. ತೊಗಟೆಯ ಸೀಳಿನಲ್ಲಿ ಸೇರಿದ ಧೂಳು, ಕೊಳೆತ ಎಲೆಯ ಪುಡಿ, ಮಳೆನೀರು ತೊಳೆದು ತಂದ ಲವಣ, ಇವೇ ಅದರ ಅನ್ನ. ಮಣ್ಣಿನಲ್ಲಿ ಹೂತರೆ ಆ ಬೇರಿಗೆ ಗಾಳಿ ಸಿಗದೆ ಉಸಿರು ಕಟ್ಟುತ್ತದೆ. ನಾವು ಪ್ರೀತಿಯೆಂದು ಎಣಿಸಿ ಕೊಟ್ಟದ್ದೇ ಅದಕ್ಕೆ ಕಬರ್ ಆಗಿತ್ತು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ದಪ್ಪ ಎಲೆಯ ಇಂತಹ ಅನೇಕ ಆರ್ಕಿಡ್‌ಗಳು ಹಾಗಲ್ಲ. ಬಿಸಿಲಿನಲ್ಲಿ ತೆರೆದರೆ ಒಳಗಿನ ನೀರು ಆವಿಯಾಗಿ ಹೋದೀತೆಂದು ಅವು ಹಗಲೆಲ್ಲ ಬಾಯಿ ಮುಚ್ಚಿಕೊಂಡು, ಕತ್ತಲಾದ ಮೇಲೆ ತೆರೆಯುತ್ತವೆ. ಇದನ್ನು ಮೊದಲು ಓದಿದಾಗ ರಮಝಾನ್ ತಿಂಗಳು ನಡೆಯುತ್ತಿತ್ತು. ಇಫ್ತಾರ್‌ನ ಖರ್ಜೂರ ಕೈಯಲ್ಲಿ ಹಿಡಿದು ಮಗ್ರಿಬ್‌ನ ಅಝಾನ್‌ಗೆ ಕಾಯುತ್ತಿದ್ದಾಗ, ವರ್ಷವಿಡೀ ಹೀಗೆ ಹಗಲು ತಡೆದು ಇರುಳು ತೆರೆಯುವ ಆ ಮೂಕ ಜೀವ ನೆನಪಿಗೆ ಬಂತು. ಸೂರಃ ಅರ್ರಹ್ಮಾನ್‌ನ ಆರಂಭದಲ್ಲಿ ನಜ್ಮ್ ಮತ್ತು ಮರಗಳು ಅಲ್ಲಾಹನಿಗೆ ಸಾಷ್ಟಾಂಗವೆರಗುವುದರ ಉಲ್ಲೇಖವಿದೆ. ನಜ್ಮ್ ಎಂದರೆ ನಕ್ಷತ್ರವೆಂದು ಕೆಲವರು, ಕಾಂಡವಿಲ್ಲದ ಸಸ್ಯವೆಂದು ಇಬ್ನು ಅಬ್ಬಾಸ್(ರ)ರಂಥವರು ಅರ್ಥ ಹೇಳಿದ್ದಾರೆ. ಅದರ ಬೆನ್ನಿಗೇ ತಕ್ಕಡಿಯ, ಅಂದರೆ ಸಮತೋಲನದ ಪ್ರಸ್ತಾಪ ಬರುತ್ತದೆ. ಆ ತಕ್ಕಡಿಯಲ್ಲಿ ಮೋಸ ಮಾಡಬೇಡಿರೆಂಬ ಎಚ್ಚರಿಕೆ ಬರುತ್ತದೆ. ಗಿಡ, ಮರ, ತಕ್ಕಡಿ ಇವು ಒಂದೇ ಉಸಿರಿನಲ್ಲಿ ಏಕೆ ಬಂದವೆಂಬುದು ನಮಗೆ ತಿಳಿದದ್ದು ತಡವಾಗಿ.

ಮರುವರ್ಷದ ಮುಂಗಾರಿಗೆ ಮೊದಲು ಬೀಸಿದ ಗಾಳಿಮಳೆಗೆ, ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ಪರಿಚಿತ ಗೌಡರೊಬ್ಬರ ಜಮೀನಿನಂಚಿನ ಹುಣಸೆ ಮರ ಬುಡಸಹಿತ ಉರುಳಿತು. ನಾವು ಮದ್ದೂರಿನ ಶಾಲೆಗೆ ದಿನವೂ ಹೋಗಿಬರುವ ದಾರಿ ಅದು. ಮರವನ್ನು ಸೌದೆಗೆ ಕೊಯ್ಯುತ್ತಿದ್ದರು. ಅದರ ಕೊಂಬೆಗಳ ಮೇಲೆ ಅದೇ ಜಾತಿಯ ಮೂರು ಗಿಡಗಳಿದ್ದವು. ಈ ಸಲ ನಾವು ಮೊದಲು ಕೇಳಿದೆವು.

ಗೌಡರು ನಕ್ಕರು. “ತಕ್ಕೊಂಡೋಗಿ ಮೇಷ್ಟ್ರೇ, ಅದಕ್ಯಾಕೆ ಕೇಳ್ತೀರಿ? ಬದನಿಕೆ ಅದು. ಒಲೆಗೂ ಆಗಾಕಿಲ್ಲ.”

ತೊಗಟೆಯೊಂದಿಗೇ ಬಿಡಿಸಿ ಮೂರನ್ನೂ ತಂದೆವು. ಹಿತ್ತಲ ಮಾವಿನ ಮರದಲ್ಲಿ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕವಲನ್ನು ಆರಿಸಿ, ತೆಂಗಿನ ಸಿಪ್ಪೆಯ ತುಂಡುಗಳನ್ನು ಆನಿಸಿ, ಹಳೆಯ ದುಪಟ್ಟಾದ ಪಟ್ಟಿಗಳಿಂದ ಕಟ್ಟಿದೆವು. ಮಣ್ಣಿಲ್ಲ, ಗೊಬ್ಬರವಿಲ್ಲ, ಒಣದಿನಗಳಲ್ಲಿ ಬೆಳಗಿನ ಹೊತ್ತು ಬೇರಿಗೆ ತುಸು ನೀರು ಚಿಮುಕಿಸುವುದಷ್ಟೇ. ಒಂದು ಗಿಡ ಉಳಿಯಲಿಲ್ಲ. ಎರಡು ಉಳಿದವು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಬೇರು ಹೊರಟು, ಹಸಿರು ತುದಿಯಿಂದ ತೊಗಟೆಯನ್ನು ತಡವುತ್ತ ಮುಂದೆ ಹೋಯಿತು. ಆದರೆ ಹೂವಿಗೆ ಮೂರು ವರ್ಷ ಕಾಯಬೇಕಾಯಿತು.

ಇನ್ನು ಎರಡನೆಯ ತಪ್ಪಿಗೆ ಬರೋಣ.

ತಂದೆಯವರು ತೀರಿಕೊಂಡಾಗ ಮನೆಯಲ್ಲಿ ಉಳಿದವರು ಅಮ್ಮಿ, ನಮ್ಮ ಅಕ್ಕ, ನಾವು ಮತ್ತು ನಮ್ಮ ತಮ್ಮ. ಅಕ್ಕನನ್ನು ನಾವು ಆಪಾ ಎಂದು ಕರೆಯುತ್ತೇವೆ. ಅವರು ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ, ಒಬ್ಬ ಮಗನೊಂದಿಗೆ ತವರಿಗೆ ಮರಳಿದ್ದರು. ಹಿಂದಿನ ಕೋಣೆಯಲ್ಲಿ ಹೊಲಿಗೆಯಂತ್ರವಿಟ್ಟುಕೊಂಡು ತಮ್ಮ ಅನ್ನ ತಾವೇ ದುಡಿದುಕೊಳ್ಳುತ್ತಿದ್ದರು. ಆಸ್ತಿಯನ್ನು ಹಂಚಿರಲಿಲ್ಲ. “ಎಲ್ಲರೂ ಒಟ್ಟಿಗಿದ್ದೇವಲ್ಲ, ಆತುರವೇನು” ಎಂದು ನಾವು ಹೇಳುತ್ತ ಬಂದೆವು. ಹೀಗೆ ಹೇಳುವುದು ಸೌಜನ್ಯವೆಂದೇ ತಿಳಿದಿದ್ದೆವು.

ಅದೇ ಸಮಯದಲ್ಲಿ ಮಾವಿನ ಮರದ ಫಸಲು ಕಡಿಮೆಯಾಯಿತು. ಪಡುವಣ ಕೊಂಬೆ ಒಣಗತೊಡಗಿತು. ತಮ್ಮನಿಗೆ ಹಿತ್ತಲಿನಲ್ಲಿ ಎರಡು ಕೋಣೆ ಕಟ್ಟಿಸುವ ಆಸೆಯಿತ್ತು, ಮರ ಅಡ್ಡವಾಗಿತ್ತು. ಒಂದು ಭಾನುವಾರ ಅವನು ಮರದ ಕೆಳಗೆ ನಿಂತು ನಮ್ಮ ಆರ್ಕಿಡ್‌ಗಳತ್ತ ಕೈ ತೋರಿದ. “ಭಾಯ್, ನೀವು ತಂದು ಕಟ್ಟಿದ ಈ ಬದನಿಕೆಯೇ ಮರವನ್ನು ತಿಂದಿತು. ಮರ ಕಡಿಸಿಬಿಡೋಣ” ಎಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ, ಹಿಂದಿನ ಕೋಣೆಯತ್ತ ಕಣ್ಣು ಹಾಯಿಸಿ, “ಈ ಮನೆಗೆ ಹತ್ತಿದ ಬದನಿಕೆ ಅದೊಂದೇ ಅಲ್ಲ” ಎಂದುಬಿಟ್ಟ.

ಹೊಲಿಗೆಯಂತ್ರದ ಸದ್ದು ನಿಂತಿತು. ನಾವು ಸುಮ್ಮನಿದ್ದೆವು.

ಆ ಮೌನವೇ ನಮ್ಮ ಎರಡನೆಯ ತಪ್ಪು. ಜಗಳ ಬೆಳೆಯಬಾರದೆಂದು ಸುಮ್ಮನಿದ್ದೆವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಆದರೆ ಗಿಡದ ಪರವಾಗಿ ಅರ್ಧ ಗಂಟೆ ವಾದಿಸಿದ ನಾಲಿಗೆ ಅಕ್ಕನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ ಎಂಬ ಸತ್ಯವನ್ನು ಆ ರಾತ್ರಿ ಇಶಾ ನಮಾಝಿನಲ್ಲಿ ನಿಂತಾಗ ಮರೆಮಾಚಲಾಗಲಿಲ್ಲ.

ಮರುದಿನ ಏಣಿ ಹಾಕಿ ಮರ ಹತ್ತಿದೆವು. ಒಣಗುತ್ತಿದ್ದ ಪಡುವಣ ಕೊಂಬೆಯಲ್ಲಿ ನಿಜವಾದ ಬದನಿಕೆಯಿತ್ತು. ಅದರ ಎಲೆಗಳು ಮಾವಿನ ಎಲೆಗಳ ನಡುವೆ ಬೆರೆತು, ಕೆಳಗಿನಿಂದ ನೋಡುವವರಿಗೆ ಬೇರೆಯೆಂದು ತೋರುವಂತೆಯೇ ಇರಲಿಲ್ಲ. ಬದನಿಕೆ ಹಕ್ಕಿಯೆಂಬ ಪುಟ್ಟ ಹಕ್ಕಿ ಅದರ ಹಣ್ಣು ತಿಂದು, ಅಂಟುಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಆ ಬೀಜ ಮೊಳೆತು ತನ್ನ ಬೇರನ್ನು ತೊಗಟೆಯೊಳಗೆ ಇಳಿಸಿ, ಮರದ ನೀರು ಲವಣಗಳನ್ನು ಹೀರುತ್ತದೆ. ಅದು ಕೊಂಬೆಯನ್ನು ಹೊಕ್ಕ ಜಾಗ ಗಂಟುಗಂಟಾಗಿ ಊದಿಕೊಂಡಿತ್ತು. ನಮ್ಮ ಆರ್ಕಿಡ್ ಇದ್ದ ಕವಲಿನಲ್ಲಿ ಅಂಥದ್ದೇನೂ ಇರಲಿಲ್ಲ. ಬೇರಿನ ಒಂದು ತುದಿಯನ್ನು ಮೆಲ್ಲಗೆ ಎಬ್ಬಿಸಿ ನೋಡಿದರೆ, ಕೆಳಗಿನ ತೊಗಟೆಯಲ್ಲಿ ಒಂದು ಗೀರೂ ಇಲ್ಲ. ಅದು ಮರದಿಂದ ಪಡೆದದ್ದು ಕುಳಿತುಕೊಳ್ಳುವಷ್ಟು ಜಾಗ ಮಾತ್ರ.

ಒಂದು ಮಾತನ್ನು ಇಲ್ಲಿ ಹೇಳಬೇಕು. ವಾಂಡಾ ಎಂಬ ಹೆಸರು ಸಂಸ್ಕೃತದ ‘ವಂದಾ’ ಎಂಬ ಪದದಿಂದ ಬಂದುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಅದನ್ನು ಸಸ್ಯಶಾಸ್ತ್ರಕ್ಕೆ ಪರಿಚಯಿಸಿದರು. ಆ ಸಂಸ್ಕೃತ ಪದಕ್ಕೂ ಬದನಿಕೆಯೆಂದೇ ಅರ್ಥ. ಏನನ್ನೂ ಕದಿಯದ ಗಿಡವೊಂದು ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲೆಲ್ಲ ಕಳ್ಳನ ಹೆಸರು ಹೊತ್ತು ನಿಂತಿದೆ. ಕನ್ನಡ ಬಿ.ಎ. ಓದುವಾಗ ಪದಗಳ ಮೂಲವನ್ನು ಹುಡುಕುವುದು ನಮಗೆ ಪ್ರಿಯವಾಗಿತ್ತು. ಒಂದು ಪದ ಒಬ್ಬರ ಮೇಲೆ ಎಷ್ಟು ಭಾರ ಹೇರಬಲ್ಲುದೆಂಬುದು ಮಾತ್ರ ಯಾವ ನಿಘಂಟಿನಲ್ಲಿಯೂ ಇರಲಿಲ್ಲ. ಅದು ತಿಳಿದದ್ದು ನಿಂತುಹೋದ ಹೊಲಿಗೆಯಂತ್ರದ ಸದ್ದಿನಿಂದ.

ನಮ್ಮ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹಲವು ತಲೆಮಾರುಗಳಿಂದ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ತಮ್ಮ ಹುಣಸೆ ಮರಗಳನ್ನು ಬಿಟ್ಟುಕೊಟ್ಟಿದ್ದಾರೆ. ಗೂಡುಗಳಿರುವ ಮರದ ಹುಣಸೆಯನ್ನು ಕೀಳದೆ ನಷ್ಟ ಸಹಿಸಿದ್ದಾರೆ; 2007ರಲ್ಲಿ ಸರಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆ ಹಕ್ಕಿಗಳನ್ನು ಊರಿನವರು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ತವರಿಗೆ ಬಂದ ಹೆಣ್ಣುಮಗಳು! ಹಕ್ಕಿಗೆ ಸಿಕ್ಕ ಆ ಸ್ಥಾನ ನಮ್ಮ ಮನೆಯಲ್ಲಿ ನಿಜವಾದ ಹೆಣ್ಣುಮಗಳಿಗೆ ಸಿಕ್ಕಿತ್ತೇ?

ತಮ್ಮನನ್ನು ಕರೆದು ಮರ ತೋರಿಸಿದೆವು. ಅವನು ಎರಡೂ ಕೊಂಬೆಗಳನ್ನು ನೋಡಿದ, ಬದನಿಕೆ ಹತ್ತಿದ ಕೊಂಬೆಯನ್ನು ತಾನೇ ಗರಗಸದಿಂದ ಕೊಯ್ದ. ಆದರೆ ಆಪಾಳ ವಿಷಯ ಎತ್ತಿದಾಗ ಮುಖ ತಿರುಗಿಸಿದ. “ಅವರನ್ನು ಯಾರು ಹೊರಗೆ ಹಾಕಿದರು? ಅತಿಥಿಯಂತೆ ಇದ್ದಾರೆ, ಇರಲಿ” ಎಂದ.

ಆಗ ನಮಗೆ ನಮ್ಮ ಹೋಲಿಕೆಯ ದೋಷವೇ ಹೊಳೆಯಿತು. ಆಪಾ ಬದನಿಕೆಯಲ್ಲವೆಂದು ಸಾಧಿಸುವ ಭರದಲ್ಲಿ ನಾವೂ ಅವರನ್ನು ಮನಸ್ಸಿನಲ್ಲಿ ಆರ್ಕಿಡ್‌ನಂತೆ ಅತಿಥಿಯನ್ನಾಗಿ ಮಾಡಿಟ್ಟಿದ್ದೆವು. ಅವರು ಅತಿಥಿಯೂ ಅಲ್ಲ. ಸೂರಃ ಅನ್ನಿಸಾದಲ್ಲಿ ಅಲ್ಲಾಹನು ತಾನೇ ಪಾಲು ಹಂಚಿ ಹೆಸರಿಸಿದ ವಾರಸುದಾರರಲ್ಲಿ ಒಬ್ಬರು. ನಮ್ಮಂತಹ ಕುಟುಂಬದಲ್ಲಿ ಪತ್ನಿಗೆ ಎಂಟನೇ ಒಂದು ಪಾಲು. ಉಳಿದುದರಲ್ಲಿ ಗಂಡುಮಕ್ಕಳಿಬ್ಬರಿಗೆ ಎರಡೆರಡು, ಹೆಣ್ಣುಮಗಳಿಗೆ ಒಂದು. ಅಂದರೆ ಆ ಮನೆ, ಆ ಹಿತ್ತಲು, ಆ ಬಾವಿಯ ನೀರು ಇವುಗಳಲ್ಲಿ ಅವರದೇ ಭಾಗ ತಂದೆಯವರು ಕಣ್ಣು ಮುಚ್ಚಿದ ಗಳಿಗೆಯಿಂದ ಅವರದಾಗಿಯೇ ಇತ್ತು. ಅದನ್ನು ಇಷ್ಟು ವರ್ಷ ಹಿಡಿದಿಟ್ಟುಕೊಂಡು ಅನುಭವಿಸಿದವರು ನಾವು. ಹಾಗಾದರೆ ಇತರರ ಪಾಲಿನ ಒಳಗೆ ಬೇರಿಳಿಸಿದವರು ಯಾರು? ಬದನಿಕೆ ಯಾರು? ತಕ್ಕಡಿಯಲ್ಲಿ ಮೋಸ ಮಾಡಬೇಡಿರೆಂಬ ಎಚ್ಚರಿಕೆ ಸಂತೆಯ ವ್ಯಾಪಾರಿಗಷ್ಟೇ ಹೇಳಿದ್ದಲ್ಲ.

ಆ ಶುಕ್ರವಾರ ಜುಮಾ ನಮಾಝಿನ ಬಳಿಕ ಅಮ್ಮಿಯ ಎದುರಿನಲ್ಲಿ ಎಲ್ಲರನ್ನೂ ಕೂರಿಸಿದೆವು. ಮೊದಲು ಆಪಾಳ ಕ್ಷಮೆ ಕೇಳಿದೆವು, ಅಂದು ಸುಮ್ಮನಿದ್ದುದಕ್ಕಾಗಿ. ನಂತರ ಆ ಆಯತ್‌ಗಳನ್ನು ಓದಿ ಅರ್ಥ ಹೇಳಿದೆವು. ಬೇರೆಯವರ ಮನೆಗಳಲ್ಲಿ ಎಷ್ಟೋ ಸಲ ಹೇಳಿದ ಅರ್ಥವೇ. ನಮ್ಮ ಮನೆಯಲ್ಲಿ ಹೇಳುವಾಗ ಗಂಟಲು ಕಟ್ಟಿತು. ತಮ್ಮ ಎದ್ದು ಹೋದ. ಬಕ್ರೀದ್ ಬಂದು ಹೋಯಿತು, ಅವನು ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಅವನ ಮೇಲೆ ನಮಗೆ ಸಿಟ್ಟಿರಲಿಲ್ಲ. ಎರಡು ಕೋಣೆಯ ಕನಸು ಕೈಜಾರುವುದು ಸಣ್ಣ ನೋವಲ್ಲ. ಮೇಲಾಗಿ, ವಿಳಂಬಕ್ಕೆ ದಾರಿ ಹಾಕಿಕೊಟ್ಟ ಹಿರಿಯರು ನಾವೇ ಆಗಿದ್ದೆವು.

ಏಳೆಂಟು ತಿಂಗಳ ಮೇಲೆ ಒಂದು ಸಂಜೆ ಅವನೇ ಬಂದ. “ಭಾಯ್, ಕಾಗದಪತ್ರ ಮಾಡಿಸೋಣ” ಎಂದ. ಅಷ್ಟೇ ಹೇಳಿದ. ವಿಭಾಗ ಪತ್ರ ನೋಂದಣಿಯಾಯಿತು. ಅಳತೆ ಮಾಡಿ ಹಂಚುವಾಗ ಹಿಂದಿನ ಕೋಣೆ ಮತ್ತು ಮಾವಿನ ಮರದ ಮೂಲೆ ಆಪಾಳ ಭಾಗಕ್ಕೆ ಬಂದವು. ತಮ್ಮ ತನ್ನ ಭಾಗದಲ್ಲಿ ಒಂದು ಕೋಣೆ ಕಟ್ಟಿಸಿಕೊಂಡ. ಈಗಲೂ ಅವನು ಆಪಾಳ ಮುಂದೆ ತುಸು ತಲೆ ತಗ್ಗಿಸಿಯೇ ಮಾತಾಡುತ್ತಾನೆ. ಗಾಯ ಮಾಗಲು ಕಾಲ ಬೇಕು.

ಆರ್ಕಿಡ್‌ನ ಒಂದು ಕಾಯಿಯಲ್ಲಿ ಧೂಳಿನಷ್ಟು ಸಣ್ಣ ಬೀಜಗಳು ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಇರುತ್ತವೆ. ಆ ಬೀಜಕ್ಕೆ ತಾಯಿ ಕೊಟ್ಟ ಬುತ್ತಿಯೇ ಇಲ್ಲ. ಗಾಳಿಯಲ್ಲಿ ತೇಲಿ ಹೋಗಿ, ಸರಿಯಾದ ತೊಗಟೆಯ ಮೇಲೆ ಸರಿಯಾದ ಶಿಲೀಂಧ್ರ ಸಿಕ್ಕಿದರೆ, ಅದು ಉಣಿಸಿದರೆ ಮಾತ್ರ ಮೊಳಕೆ. ಮೊಳೆತದ್ದು ಹೂ ಬಿಡಲು ಮತ್ತೆ ಎಷ್ಟೋ ವರ್ಷ. ಆದುದರಿಂದಲೇ ಓದುಗರಲ್ಲಿ ನಮ್ಮದೊಂದು ವಿನಂತಿ: ಕಾಡಿನಲ್ಲಿ ಅದನ್ನು ಕಂಡರೆ ನೋಡಿ, ಮಕ್ಕಳಿಗೆ ತೋರಿಸಿ, ಅಲ್ಲಿಯೇ ಬಿಟ್ಟುಬನ್ನಿ. ನಿಮ್ಮ ಹಿತ್ತಲಿನ ಅಥವಾ ತೋಟದ ಮರದಲ್ಲಿದ್ದರೆ ಬದನಿಕೆಯೆಂದು ಕಿತ್ತೆಸೆಯಬೇಡಿ. ಬೇರು ತೊಗಟೆಯ ಮೇಲಿದೆಯೇ, ಒಳಗಿಳಿದಿದೆಯೇ ಎಂದು ಮೊದಲು ಪರೀಕ್ಷಿಸಿ. ಉರುಳಿದ ಮರದಲ್ಲಿ ಸಿಕ್ಕರೆ, ಒಡೆಯರನ್ನು ಕೇಳಿ ತಂದು ಇನ್ನೊಂದು ಮರಕ್ಕೆ ಕಟ್ಟಿ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ತಂದೆಯವರು ನೆಟ್ಟ ಮಾವು ಒಂದು ಹೂಗಿಡಕ್ಕೆ ಕೊಟ್ಟ ಆಸರೆಯೂ ಅವರ ಲೆಕ್ಕಕ್ಕೆ ಸೇರಲಿ ಎಂಬುದು ನಮ್ಮ ದುಆ.

ಕಳೆದ ಬೇಸಿಗೆಯ ಆ ಮುಂಜಾನೆ ಹೂ ಕಂಡೊಡನೆ ಹತ್ತಿರ ಹೋಗಬೇಕೆನಿಸಿತು. ಆದರೆ ಮರದ ಮೂಲೆ ಈಗ ನಮ್ಮದಲ್ಲ. ಹಿಂದಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಆಪಾ ತಿಲಾವತ್ ಮುಗಿಸಿ ಕುರ್‌ಆನ್ ಮಡಚುತ್ತಿದ್ದರು. ಬಾಗಿಲ ಬಳಿ ನಿಂತು, “ಆಪಾ, ಏಣಿ ಹಾಕಿಕೊಳ್ಳಲೇ? ಹೂ ನೋಡಬೇಕು” ಎಂದು ಕೇಳಿದೆವು.

ಹಿಂದೆ ನಿಂತಿದ್ದ ಮಗಳು ನಕ್ಕಳು. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. “ಈ ಸಲ ಕೇಳಿದಿರಿ, ಅಬ್ಬಾ” ಎಂದಳು.

ಆಪಾ ಹೊರಬಂದು ಏಣಿಯ ಬುಡ ಹಿಡಿದುಕೊಂಡರು.